ಶುಕ್ರವಾರ ಯಾರಿಗೂ ಏಳುವುದಿಲ್ಲ

ನ್ಯೂ ಟೌನ್, ಭದ್ರಾವತಿ
2 ಜೂನ್ 2025

ಸಾಮಾಜಿಕ ಉದ್ಯಮ ನೀತಿಯ ಜಿಲ್ಲಾ ಸಂಯೋಜಕರಾದ ಸ್ಪಂದನಾ ಮೇಡಂ ಅವರಿಗೆ,

ಗೋವಿಂದಯ್ಯನ ನಮಸ್ಕಾರಗಳು. ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣ ಮೊದಲೇ ಹೇಳಿಬಿಡುತ್ತೇನೆ. ನನಗೆ ಎರಡೂ ಕಿವಿ ಮಂದ. ಮೂವತ್ತೆರಡು ವರ್ಷ ಕಬ್ಬಿಣದ ಜೊತೆ ಬಾಳಿದವನು ಅಷ್ಟು ಬಾಡಿಗೆ ಕಟ್ಟಲೇಬೇಕು. ಮೊಬೈಲಿನಲ್ಲಿ ಬರೆಯೋಣವೆಂದರೆ ನನ್ನ ಹೆಬ್ಬೆರಳು ಒಂದು ಅಕ್ಷರ ಒತ್ತಿದರೆ ಮೂರು ಅಕ್ಷರ ಏಳುತ್ತವೆ. ಕಾಗದವೇ ನನಗೆ ಹಿತ. ನೀವೂ ಕಾಗದದಲ್ಲೇ ಉತ್ತರಿಸಿದರೆ ಉಪಕಾರವಾಗುತ್ತದೆ.

ನಾನು ನಿವೃತ್ತನಾದ ಮೇಲೆ ಇಲ್ಲಿನ ಒಂದು ಹಳೆಯ ಶೆಡ್ಡಿನಲ್ಲಿ ಗಾಲಿಕುರ್ಚಿ ರಿಪೇರಿ ಶುರು ಮಾಡಿದೆ. ಒಬ್ಬನಿದ್ದೆ. ಒಂಬತ್ತು ವರ್ಷದಲ್ಲಿ ಹನ್ನೊಂದು ಜನವಾದೆವು. ಈಗ ರಿಪೇರಿಯಲ್ಲ, ಹೊಸ ಕುರ್ಚಿಯನ್ನೇ ಮಾಡುತ್ತೇವೆ, ವಾರಕ್ಕೆ ಎಂಟೊಂಬತ್ತು. ಪರಮೇಶ್ ಪೈಪು ಕತ್ತರಿಸಿ ಬಗ್ಗಿಸುತ್ತಾನೆ. ಧನಲಕ್ಷ್ಮಿ ವೆಲ್ಡಿಂಗ್ ಮಾಡುತ್ತಾಳೆ. ಅವಳು ಹಾಕಿದ ಬೆಸುಗೆ ನೋಡಿದರೆ ಕಬ್ಬಿಣಕ್ಕೆ ಮಲ್ಲಿಗೆ ಮಾಲೆ ಕಟ್ಟಿದಂತಿರುತ್ತದೆ. ವಿಶಾಲಮ್ಮ ಗಾಲಿಗೆ ಕಡ್ಡಿ ಜೋಡಿಸುತ್ತಾರೆ. ಮಲ್ಲಿಕ್ ಸೀಟು ಹೊಲಿಯುತ್ತಾನೆ. ಕವನ ಬಣ್ಣ ಹಚ್ಚುತ್ತಾಳೆ. ಯಾರಿಗೂ ಪುಕ್ಕಟೆ ಕೊಡುವುದಿಲ್ಲ. ಶಕ್ತಿಯಿದ್ದಷ್ಟು ಕೊಡಲಿ, ಆದರೆ ಏನಾದರೂ ಕೊಡಲಿ. ನಮ್ಮ ಸಂಬಳ ಹೋಗಿ ಉಳಿದದ್ದು ಮತ್ತೆ ಶೆಡ್ಡಿಗೇ.

ಕಷ್ಟ ಏನೆಂದರೆ, ಬ್ಯಾಂಕಿನವರ ಹತ್ತಿರ ಹೋದರೆ, "ನೀವು ಸೇವಾ ಸಂಸ್ಥೆ, ದಾನಿಗಳ ಹತ್ತಿರ ಹೋಗಿ" ಎನ್ನುತ್ತಾರೆ. ದಾನಿಗಳ ಹತ್ತಿರ ಹೋದರೆ, "ನೀವು ವ್ಯಾಪಾರದವರು, ಬ್ಯಾಂಕಿಗೆ ಹೋಗಿ" ಎನ್ನುತ್ತಾರೆ. ಒಂಬತ್ತು ವರ್ಷದಿಂದ ಈ ಎರಡು ಬಾಗಿಲ ನಡುವೆ ನಮ್ಮ ಚಪ್ಪಲಿ ಸವೆದಿದೆ. ನಮ್ಮಂಥವರಿಗಾಗಿಯೇ ಸರ್ಕಾರ ಹೊಸ ನೀತಿ ತಂದಿದೆ ಎಂದು ಪೇಪರಿನಲ್ಲಿ ಓದಿದೆ. ಪರಮೇಶ್ ನಕ್ಕ. "ಮಾರಾಯ್ರೆ, ಒಂದು ನೀತಿ ಅಂದ್ರೆ ಹನ್ನೆರಡು ಫಾರಂ" ಅಂದ. ಹನ್ನೆರಡನ್ನೂ ತುಂಬಿ ಇದರ ಜೊತೆ ಇಟ್ಟಿದ್ದೇನೆ.

ಒಂದೇ ಒಂದು ಕಡೆ ಖಾಲಿ ಬಿಟ್ಟಿದ್ದೇನೆ. 'ವಿಕಲಚೇತನ ಉದ್ಯೋಗಿಗಳ ಸಂಖ್ಯೆ' ಅಂತ ಇದೆಯಲ್ಲ, ಅಲ್ಲಿ. ನನ್ನ ಕಿವಿಯನ್ನು ಸೇರಿಸಬೇಕೋ ಬೇಡವೋ ತಿಳಿಯಲಿಲ್ಲ.

ಇಂತು,
ಗೋವಿಂದಯ್ಯ


ಶಿವಮೊಗ್ಗ
16 ಜೂನ್ 2025

ಶ್ರೀ ಗೋವಿಂದಯ್ಯ ಅವರಿಗೆ,

ತಮ್ಮ ಪತ್ರ ಮತ್ತು ಅರ್ಜಿ ತಲುಪಿವೆ. ತಾವು ಕೋರಿದಂತೆ ಕಾಗದದಲ್ಲೇ ಉತ್ತರಿಸುತ್ತಿದ್ದೇನೆ.

ವ್ಯಾಪಾರ ಮಾಡಿಯೇ ತನ್ನ ಕಾಲ ಮೇಲೆ ನಿಲ್ಲುವ, ಆದರೆ ಉಳಿಕೆಯನ್ನು ಯಾರ ಜೇಬಿಗೂ ಹಾಕದೆ ಉದ್ದೇಶಕ್ಕೇ ಮರಳಿಸುವ ಸಂಸ್ಥೆಯನ್ನು ಈ ನೀತಿ ಸಾಮಾಜಿಕ ಉದ್ಯಮ ಎಂದು ಕರೆಯುತ್ತದೆ. ಇದರಲ್ಲಿ ಎರಡು ವರ್ಗಗಳಿವೆ. ಉದ್ಯೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಿಕಲಚೇತನರಿದ್ದರೆ ಮೊದಲ ವರ್ಗ. ಅಂಥವರಿಂದ ಸರ್ಕಾರಿ ಆಸ್ಪತ್ರೆಗಳು ಟೆಂಡರ್ ಇಲ್ಲದೆ ನೇರವಾಗಿ ಕೊಳ್ಳಬಹುದು. ಉಳಿದವರು ಎರಡನೆಯ ವರ್ಗ. ಅವರಿಗೆ ಸಾಲಕ್ಕೆ ಖಾತರಿ ಮತ್ತು ತರಬೇತಿ ಸಿಗುತ್ತದೆ, ಆದರೆ ಮಾರಾಟಕ್ಕೆ ಎಲ್ಲರಂತೆ ಟೆಂಡರಿನಲ್ಲಿ ಸ್ಪರ್ಧಿಸಬೇಕು.

ತಾವು ಖಾಲಿ ಬಿಟ್ಟ ಅಂಕಣದ ಬಗ್ಗೆ ಚಿಂತೆ ಬೇಡ. ಜುಲೈ 11ರಂದು ಮೇಲಧಿಕಾರಿ ಪ್ರಸನ್ನಕುಮಾರ್ ಅವರೊಂದಿಗೆ ಸ್ಥಳಕ್ಕೆ ಬರುತ್ತೇನೆ. ಕಣ್ಣಾರೆ ನೋಡಿ ನಾನೇ ತುಂಬುತ್ತೇನೆ.

ವಿಶ್ವಾಸಿ,
ಸ್ಪಂದನಾ


ನ್ಯೂ ಟೌನ್
14 ಜುಲೈ 2025

ಸ್ಪಂದನಾ ಮೇಡಂ ಅವರಿಗೆ,

ನೀವು ಬಂದ ದಿನವೇ ನಾನು ಇಲ್ಲದೆ ಹೋದೆ. ಕಿವಿ ತೋರಿಸಲು ಶಿವಮೊಗ್ಗಕ್ಕೆ ಕರೆದಿದ್ದರು. ಆ ತಾರೀಖು ತಪ್ಪಿದರೆ ಇನ್ನು ಮೂರು ತಿಂಗಳು ಕಾಯಬೇಕಿತ್ತು. ನೀವು ಈ ಕಡೆ ಬರುವಾಗ ನಾನು ಆ ಕಡೆ ಬಸ್ಸಿನಲ್ಲಿದ್ದೆ. ದಾರಿಯಲ್ಲಿ ಎಲ್ಲೋ ನಿಮ್ಮ ಜೀಪು ನನ್ನ ಬಸ್ಸನ್ನು ದಾಟಿರಬೇಕು.

ಸಂಜೆ ಬಂದು ಕೇಳಿದೆ, "ಹೆಂಗಾಯ್ತು?" ಎಲ್ಲರ ಮುಖದಲ್ಲೂ ನಗು. ಧನಲಕ್ಷ್ಮಿ ಹೇಳಿದಳು, "ಆ ಮೇಡಂ ತುಂಬಾ ಒಳ್ಳೇವ್ರು ಅಣ್ಣ. ವಿಶಾಲಮ್ಮನ ಮುಂದೆ ಮಂಡಿ ಊರಿ ಕೂತ್ಕೊಂಡು ಮಾತಾಡಿದ್ರು. ಕಾಫಿ ಲೋಟ ತಾವೇ ತೊಳೆದಿಟ್ರು." ಒಬ್ಬ ಅಧಿಕಾರಿ ನಮ್ಮ ಲೋಟ ತೊಳೆದದ್ದು ನಮ್ಮ ಶೆಡ್ಡಿನ ಚರಿತ್ರೆಯಲ್ಲಿ ಇದೇ ಮೊದಲು.

ಒಂದು ವಿಷಯಕ್ಕೆ ಮಾತ್ರ ಬೇಸರ ಮಾಡಿಕೊಳ್ಳಬಾರದು. ನೀವೂ ಸಾಹೇಬರೂ ಒಳಗೆ ಬಂದಾಗ ನಮ್ಮವರು ಒಬ್ಬರೂ ಕುರ್ಚಿಯಿಂದ ಏಳಲಿಲ್ಲವಂತೆ. ಅದು ಸೊಕ್ಕಲ್ಲ. ಶುಕ್ರವಾರ ನಾವು ಯಾರಿಗೂ ಏಳುವುದಿಲ್ಲ. ಅದು ನಮ್ಮ ನಿಯಮ. ಅವರು ಹೇಳಿಯೇ ಇರುತ್ತಾರೆ.

ಗೋವಿಂದಯ್ಯ


ಆಲ್ಕೊಳ, ಶಿವಮೊಗ್ಗ
11 ಆಗಸ್ಟ್ 2025

ಗೋವಿಂದಯ್ಯನವರೇ,

ಈ ಪತ್ರವನ್ನು ಕಚೇರಿಯಿಂದಲ್ಲ, ನನ್ನ ಕೋಣೆಯಿಂದ ಬರೆಯುತ್ತಿದ್ದೇನೆ. ಏಳಲಿಲ್ಲವೆಂದು ನೀವು ಕ್ಷಮೆ ಕೇಳಿದ್ದನ್ನು ಓದಿ ಮನಸ್ಸು ಕಲಕಿತು. 'ಯಾರಿಗೂ ಏಳುವುದಿಲ್ಲ' ಎಂದು ಅದನ್ನೂ ಒಂದು ಹೆಮ್ಮೆಯ ನಿಯಮ ಮಾಡಿಕೊಂಡಿದ್ದೀರಲ್ಲ, ಅಂಥ ಧೈರ್ಯ ನಾನು ಎಲ್ಲೂ ನೋಡಿಲ್ಲ. ಒಂಬತ್ತು ಜನ ಗಾಲಿಕುರ್ಚಿಯಲ್ಲಿ ಕೂತು ಗಾಲಿಕುರ್ಚಿಯನ್ನೇ ಮಾಡುತ್ತಿದ್ದ ಆ ನೋಟ ನನ್ನ ಕಣ್ಣಿಂದ ಹೋಗುತ್ತಿಲ್ಲ. ಅವರ ನಡುವೆ ಓಡಾಡುತ್ತಾ ಎಲ್ಲರಿಗೂ ಸಾಮಾನು ಎತ್ತಿಕೊಡುತ್ತಿದ್ದ ಆ ಹುಡುಗಿ ಕವನ, ಎಷ್ಟು ತಾಳ್ಮೆ ಅವಳಿಗೆ.

ವರದಿಯ ಪ್ರತಿ ಜೊತೆಗಿದೆ. ಅದರ ಮುಖ್ಯ ಸಾಲು ಇದು: 'ಭೇಟಿಯ ವೇಳೆ ಹಾಜರಿದ್ದ ಹತ್ತು ಉದ್ಯೋಗಿಗಳಲ್ಲಿ ಒಂಬತ್ತು ಮಂದಿ ವಿಕಲಚೇತನರು, ಅವರ ನೆರವಿಗೆ ಆರೋಗ್ಯವಂತ ಯುವತಿಯೊಬ್ಬರಿದ್ದಾರೆ.' ಮೊದಲ ವರ್ಗಕ್ಕೆ ಶಿಫಾರಸು ಮಾಡಿದ್ದೇನೆ. ಒಪ್ಪಿಗೆಯೂ ಬಂದಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಇನ್ನೂರು ಕುರ್ಚಿಗಳ ಬೇಡಿಕೆ ನಿಮ್ಮಲ್ಲಿಗೇ ಬರಲಿದೆ.

ಈ ವರದಿಯನ್ನು ಬೆಂಗಳೂರಿನ ಸಭೆಯಲ್ಲಿ ಓದಿದರಂತೆ.

ಪ್ರೀತಿಯಿಂದ,
ಸ್ಪಂದನಾ


ನ್ಯೂ ಟೌನ್
20 ಸೆಪ್ಟೆಂಬರ್ 2025

ಸ್ಪಂದನಾ ಮೇಡಂ ಅವರಿಗೆ,

ಉತ್ತರ ತಡವಾಯಿತು. ಎರಡು ವಾರ ಜ್ವರವಿತ್ತು ಎಂದು ಬರೆಯೋಣವೆಂದುಕೊಂಡೆ. ಜ್ವರವಿದ್ದದ್ದು ಎರಡೇ ದಿನ. ಉಳಿದ ದಿನ ನಿಮ್ಮ ವರದಿಯನ್ನು ಓದುತ್ತಿದ್ದೆ.

ನಾನು ಹುಟ್ಟಿದ ಹಳ್ಳಿಯಲ್ಲಿ ನಮ್ಮಜ್ಜಿ ರಾಗಿ ಬೀಸುವಾಗ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ಕುಂಬಾರ. ಒಂದು ಬೇಸಿಗೆಯಲ್ಲಿ ಸೀಮೆಯ ಗೌಡರು ಅವನ ಮನೆ ಮುಂದೆ ಕುದುರೆ ನಿಲ್ಲಿಸಿ ನೀರು ಕೇಳಿದರು. ಕುಂಬಾರ ಮಡಕೆಯಿಂದ ನೀರು ಕೊಟ್ಟ. ಕುಡಿದ ಗೌಡರು, "ಏನು ತಂಪೋ ಮಾರಾಯ, ಇಂಥ ಮಡಕೆ ಎಲ್ಲೂ ಕಂಡಿಲ್ಲ. ನೂರು ಮಡಕೆ ಮಾಡು, ಊರೂರಿನ ಅರವಟ್ಟಿಗೆಗೆ ಇಡಿಸ್ತೀನಿ" ಅಂದರು. ನಿಜ ಏನೆಂದರೆ, ಕುಂಬಾರನ ಹೆಂಡತಿ ಆಗಷ್ಟೇ ಬಾವಿಯಿಂದ ನೀರು ಸೇದಿ ತಂದು ಸುರಿದಿದ್ದಳು. ತಂಪು ಬಾವಿಯದು. ಕುಂಬಾರನಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಗೌಡರು ಹೋದ ಮೇಲೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳಂತೆ, "ನೂರು ಮಡಕೆ ಕಳಿಸ್ತೀಯಲ್ಲ, ಬಾವೀನೂ ಕಳಿಸ್ತೀಯಾ?"

ಅಲ್ಲಿಂದ ಮುಂದಿನದನ್ನು ಅಜ್ಜಿ ಯಾವತ್ತೂ ಹೇಳಲಿಲ್ಲ. ಹಿಟ್ಟು ಬೀಸಿ ಮುಗಿಯುತ್ತಿತ್ತು.

ನಿಮ್ಮ ಕ್ಷೇಮಕ್ಕೆ ಬರೆಯಿರಿ.

ಗೋವಿಂದಯ್ಯ


ಆಲ್ಕೊಳ
29 ಸೆಪ್ಟೆಂಬರ್ 2025

ಗೋವಿಂದಯ್ಯನವರೇ,

ಕುಂಬಾರನ ಕಥೆ ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಿಮ್ಮ ಆತಂಕ ಅರ್ಥವಾಯಿತು. ವಾರಕ್ಕೆ ಒಂಬತ್ತು ಮಾಡುವವರು ಇನ್ನೂರು ಮಾಡಹೊರಟರೆ ಗುಣಮಟ್ಟ ಉಳಿಯುತ್ತದೋ ಇಲ್ಲವೋ ಎಂಬ ಭಯ ತಾನೇ? ಅವಸರವಿಲ್ಲ. ಎಂಟು ತಿಂಗಳ ಗಡುವು ಕೊಡಿಸುತ್ತೇನೆ. ನಿಮ್ಮ ಮಡಕೆ ತಂಪಾಗಿಯೇ ಇದೆ, ನಾನು ಕಂಡಿದ್ದೇನೆ.

ಎರಡು ಕೆಲಸ ಬಾಕಿ. ಒಂಬತ್ತು ಮಂದಿಯ ವಿಕಲಚೇತನ ಗುರುತಿನ ಚೀಟಿಯ ಪ್ರತಿಗಳು ಕಡತಕ್ಕೆ ಬೇಕು. ಮತ್ತೆ ಡಿಸೆಂಬರ್ 3ರಂದು ಶಿವಮೊಗ್ಗದಲ್ಲಿ ಪ್ರಮಾಣಪತ್ರ ಕೊಡುವ ಸಮಾರಂಭ. ನೀವೆಲ್ಲರೂ ವೇದಿಕೆಗೆ ಬರಬೇಕು. ಕುರ್ಚಿಗಳು ಹತ್ತಲೆಂದು ಇಳಿಜಾರು ಹಲಗೆ ಮಾಡಿಸಲು ಹೇಳಿದ್ದೇನೆ.

ಆ ದಿನ ನಿಮ್ಮನ್ನು ಮೊದಲ ಸಲ ನೋಡುತ್ತೇನೆ.

ಸ್ಪಂದನಾ


ನ್ಯೂ ಟೌನ್
13 ಅಕ್ಟೋಬರ್ 2025

ಸ್ಪಂದನಾ ಮೇಡಂ,

ಕಥೆ ಹೇಳುವವನು ಕಥೆಯ ಹಿಂದೆ ಅಡಗಬಾರದು. ನಾನು ಅಡಗಿದೆ. ಈಗ ನೇರವಾಗಿ ಬರೆಯುತ್ತೇನೆ.

ನೀವು ನೋಡಿದ ಒಂಬತ್ತು ಜನರಲ್ಲಿ ಎಂಟು ಮಂದಿಗೆ ಕಾಲು ನೆಟ್ಟಗಿವೆ. ಧನಲಕ್ಷ್ಮಿ ದಿನಾ ಸೈಕಲ್ಲಿನಲ್ಲಿ ಬರುತ್ತಾಳೆ. ವಿಶಾಲಮ್ಮ ಅರವತ್ತನೇ ವಯಸ್ಸಿನಲ್ಲೂ ಬಸ್ಸಿನ ಹಿಂದೆ ಓಡುತ್ತಾರೆ. ಮಲ್ಲಿಕ್‌ಗೆ ಮಾತ್ರ ಪೋಲಿಯೋದಿಂದ ಬಲಗಾಲು ಸೋತಿದೆ. ಇನ್ನೊಬ್ಬಳು ಕವನ. ಹೌದು, ನೀವು ಆರೋಗ್ಯವಂತ ಯುವತಿ ಎಂದು ಬರೆದವಳೇ. ಮೊಣಕಾಲಿನ ಕೆಳಗೆ ಅವಳದು ಕೃತಕ ಕಾಲು. ಒಟ್ಟು ಹನ್ನೊಂದರಲ್ಲಿ ಇಬ್ಬರು. ನನ್ನ ಕಿವಿಯನ್ನು ಸೇರಿಸಿದರೂ ಅರ್ಧಕ್ಕೆ ಮುಟ್ಟುವುದಿಲ್ಲ.

ಹಾಗಾದರೆ ಅವರೇಕೆ ಕೂತಿದ್ದರು? ಅದಕ್ಕೆ ಎಂಟು ವರ್ಷ ಹಿಂದಕ್ಕೆ ಹೋಗಬೇಕು. ನಾವು ಮಾಡಿದ ಮೊದಲ ಹೊಸ ಕುರ್ಚಿಯನ್ನು ಒಬ್ಬ ಅಜ್ಜಿ ಕೊಂಡರು. ಆರು ತಿಂಗಳ ಮೇಲೆ ನೋಡಲು ಹೋದೆ. ಪಾದ ಇಡುವ ಹಲಗೆಯ ಅಂಚು ತಾಗಿ ತಾಗಿ ಹಿಮ್ಮಡಿಯ ಮೇಲೆ ಹುಣ್ಣಾಗಿತ್ತು. "ಯಾಕಮ್ಮ ಹೇಳಲಿಲ್ಲ?" ಅಂದೆ. "ಇಷ್ಟು ಮಾಡಿಕೊಟ್ಟಿದ್ದೀರಿ, ದೂರು ಹೇಳಿದ್ರೆ ಚೆನ್ನಾಗಿರಲ್ಲ ಅಂತ ಸುಮ್ಮನಿದ್ದೆ ಕಣಪ್ಪ" ಅಂದರು. ಆ ಮಾತು ನನ್ನನ್ನು ಇರಿಯಿತು. ಕೂತವರು ಬಾಯಿ ಬಿಡದಿದ್ದರೆ ಮಾಡಿದವರೇ ಕೂತು ನೋಡಬೇಕು ಎಂದು ಅವತ್ತೇ ನಿಯಮ ಮಾಡಿದೆವು. ವಾರದ ಕುರ್ಚಿಗಳು ಶುಕ್ರವಾರ ತಯಾರಾಗಿರುತ್ತವೆ. ಮಾಡಿದವರು ಒಬ್ಬೊಬ್ಬರು ಒಂದೊಂದರಲ್ಲಿ ಬೆಳಿಗ್ಗೆ ಕೂತರೆ ಸಂಜೆಯವರೆಗೆ ಏಳುವಂತಿಲ್ಲ. ಕೆಲಸ, ಊಟ, ಕಕ್ಕಸು, ಎದುರಿನ ಅಂಗಡಿ, ಎಲ್ಲ ಅದರಲ್ಲೇ. ಎದ್ದರೆ ಆ ಕುರ್ಚಿ ಪಾಸಾಗಲಿಲ್ಲ. ಮರುದಿನ ಮತ್ತೆ ಮೊದಲಿಂದ ಕೂರಬೇಕು. ಒಬ್ಬರು ಮಾತ್ರ ನಿಂತು ಎಲ್ಲರಿಗೂ ಸಾಮಾನು ಕೊಡುತ್ತಾರೆ, ಸರದಿಯ ಮೇಲೆ. ಅವತ್ತು ಕವನಳ ಸರದಿ. ಅಧಿಕಾರಿಗಳು ಬಂದರೆಂದು ಎದ್ದಿದ್ದರೆ ಒಂಬತ್ತು ಕುರ್ಚಿ ಕೆಡುತ್ತಿದ್ದವು. ನ್ಯೂ ಟೌನಿನಲ್ಲಿ ಇದು ಎಲ್ಲರಿಗೂ ಗೊತ್ತು. ನಿಮಗೂ ಗೊತ್ತೆಂದು ಅವರು ತಿಳಿದರು.

ಆಗಸ್ಟಿನಲ್ಲಿ ನಿಮ್ಮ ವರದಿ ಬಂದ ದಿನವೇ ನನಗೆ ತಪ್ಪು ಕಂಡಿತು. ಯಾರಿಗೂ ತೋರಿಸದೆ ಡ್ರಾಯರಿನಲ್ಲಿಟ್ಟೆ. ಇನ್ನೂರು ಕುರ್ಚಿ ಎಂಬ ಮಾತು ನನ್ನ ಬಾಯಿ ಕಟ್ಟಿತು. ಇಷ್ಟು ವರ್ಷದ ಮೇಲೆ ತೆರೆದ ಬಾಗಿಲು ಅದು. ನೀವು ಚೀಟಿಗಳ ಪ್ರತಿ ಕೇಳಿದ ಮೇಲೆ ಬೇರೆ ದಾರಿಯಿಲ್ಲದೆ ಮೊನ್ನೆ ಎಲ್ಲರನ್ನೂ ಕೂರಿಸಿ ಓದಿದೆ.

ಮೊದಲು ಒಂದು ದೊಡ್ಡ ನಗು ಎದ್ದಿತು. ಆಮೇಲೆ ಪರಮೇಶ್ ಶುರು ಮಾಡಿದ. "ನಾವೇನು ಸುಳ್ಳು ಹೇಳಿದ್ವಾ? ಅವರೇ ನೋಡಿದ್ರು, ಅವರೇ ಬರ್ಕೊಂಡ್ರು. ಕುರ್ಚಿ ಚೆನ್ನಾಗಿದೆ ತಾನೆ? ಕೊಟ್ಟುಬಿಡೋಣ."

ಧನಲಕ್ಷ್ಮಿ ಅವನ ಕಡೆ ತಿರುಗಿದಳು. "ಚೀಟಿ ಎಲ್ಲಿಂದ ತರ್ತೀಯ? ನಿನ್ನ ಕಾಲು ಮುರ್ಕೊಡ್ಲಾ?"

"ಒಂದು ದಿನದ ಸಮಾರಂಭ ಅಕ್ಕ."

"ಒಂದು ದಿನ ಅಲ್ಲ ಕಣೋ," ವಿಶಾಲಮ್ಮ ಹೇಳಿದರು. "ವೇದಿಕೆ ಮೇಲೆ ಒಂದ್ಸಲ ಕೂತ್ರೆ ಆಮೇಲೆ ಊರಲ್ಲಿ ಹೆಂಗೆ ನಡೀತೀಯ? ನಾನು ಬಸ್ ಹಿಡೀಬೇಕಪ್ಪ."

ಮಲ್ಲಿಕ್ ಅಲ್ಲಿಯವರೆಗೆ ಸೂಜಿ ಬಿಟ್ಟು ತಲೆ ಎತ್ತಿರಲಿಲ್ಲ. ನಾನು ಅವನ ತುಟಿ ನೋಡಿಯೇ ಮಾತು ಹಿಡಿಯಬೇಕು. ಅವತ್ತು ಅವನು ನನ್ನ ಕಡೆಗೇ ತಿರುಗಿ ನಿಧಾನವಾಗಿ ಹೇಳಿದ. "ಯಜಮಾನ್ರೆ, ಈ ಕಾಲು ನಂದು. ಇದನ್ನ ಎಂಟು ಜನಕ್ಕೆ ಬಾಡಿಗೆ ಕೊಡಕ್ಕಾಗಲ್ಲ. ನಾನು ಇಲ್ಲಿಗೆ ಬಂದಾಗ ನೀವು ನನ್ನ ಕಾಲು ನೋಡಿಲ್ಲ, ಹೊಲಿಗೆ ನೋಡಿದ್ರಿ. ಸರ್ಕಾರಾನೂ ಹೊಲಿಗೆ ನೋಡ್ಲಿ."

ಅಲ್ಲಿಗೆ ತೀರ್ಮಾನವಾಯಿತು. ಕವನ ಮಾತ್ರ ಒಂದು ತಕರಾರು ತೆಗೆದಳು. "ಹುಟ್ಟಿದಾಗಿಂದ ಸರ್ಕಾರದ ಕಾಗದದಲ್ಲಿ ನಾನು ಆರೋಗ್ಯವಂತೆ ಆಗಿದ್ದು ಇದೇ ಮೊದಲು. ಆ ಸಾಲು ಹೊಡೀಬೇಡಿ ಅಂತ ಬರೀರಿ ತಾತ" ಅಂದಳು. ಬರೆದಿದ್ದೇನೆ.

ತಿದ್ದುಪಡಿ ಕೋರಿಕೆ ಜೊತೆಗಿದೆ. ಹನ್ನೊಂದು ಜನರ ಸಹಿಯಿದೆ. ಪರಮೇಶನೂ ಹಾಕಿದ್ದಾನೆ, ಕೊನೆಯಲ್ಲಿ, ಸ್ವಲ್ಪ ಸಣ್ಣದಾಗಿ.

ಗೋವಿಂದಯ್ಯ


ಶಿವಮೊಗ್ಗ
6 ನವೆಂಬರ್ 2025

ಶ್ರೀ ಗೋವಿಂದಯ್ಯ ಅವರಿಗೆ,

ತಮ್ಮ ತಿದ್ದುಪಡಿ ಕೋರಿಕೆಯನ್ನು ನನ್ನ ವಿವರಣೆಯೊಂದಿಗೆ ಮೇಲಕ್ಕೆ ಕಳಿಸಲಾಗಿದೆ. ಮೊದಲ ವರ್ಗದ ಒಪ್ಪಿಗೆ ರದ್ದಾಗಿದೆ. ಎರಡನೆಯ ವರ್ಗಕ್ಕೆ ಅರ್ಜಿಯನ್ನು ಪರಿಗಣಿಸಲಾಗುವುದು. ಇನ್ನೂರು ಕುರ್ಚಿಗಳ ಬೇಡಿಕೆ ಹಿಂತೆಗೆದುಕೊಳ್ಳಲಾಗಿದೆ.

ಇಷ್ಟು ಕಚೇರಿಯ ಮಾತು. ಉಳಿದದ್ದು ನನ್ನದು.

ಆಗಸ್ಟಿನಲ್ಲೇ ನಿಮಗೆ ಗೊತ್ತಿತ್ತು. ಒಂದು ಸಾಲು ಬರೆದಿದ್ದರೆ ನಾನೇ ತಿದ್ದಿ ಮುಗಿಸುತ್ತಿದ್ದೆ. ನೀವು ಕುಂಬಾರನ ಕಥೆ ಕಳಿಸಿದಿರಿ. ನಾನು ಅದನ್ನು ಮೆಚ್ಚಿ ಹತ್ತು ಜನಕ್ಕೆ ಓದಿದೆ. ಈಗ ಆ ಹತ್ತೂ ಜನಕ್ಕೆ ಅದರ ಅರ್ಥ ಗೊತ್ತಾಗಿದೆ. ನನ್ನದು ವರ್ಷಕ್ಕೊಮ್ಮೆ ಮುಂದುವರಿಸುವ ಗುತ್ತಿಗೆ ಕೆಲಸ. ಮುಂದುವರಿಕೆಯ ಕಡತದಲ್ಲಿ ಮೊದಲ ಪುಟವಾಗಿ ಇದ್ದದ್ದು ಅದೇ ವರದಿ. ನಿಮಗೆ ಅದನ್ನು ನಾನು ಹೇಳಿರಲಿಲ್ಲ.

ಪ್ರಸನ್ನಕುಮಾರ್ ಸರ್ ಒಂದೇ ಪ್ರಶ್ನೆ ಕೇಳಿದರು. "ನಲವತ್ತು ನಿಮಿಷ ಇದ್ವಿ ಅಲ್ಲಮ್ಮ, ಒಬ್ಬರನ್ನಾದ್ರೂ ಕೇಳಿದ್ಯಾ?" ಇಲ್ಲ. ಕಾಫಿ ಆಯಿತೇ ಎಂದು ಕೇಳಿದೆ, ಮಕ್ಕಳೆಷ್ಟು ಎಂದು ಕೇಳಿದೆ. ಕುರ್ಚಿಯಲ್ಲಿ ಕೂತವರನ್ನು ಕಾಲಿನ ಬಗ್ಗೆ ಕೇಳುವುದು ಅಸಭ್ಯ ಎಂದುಕೊಂಡೆ. ಕುರ್ಚಿಯ ಬಗ್ಗೆ ಕೇಳಬಹುದೆಂದು ಹೊಳೆಯಲೇ ಇಲ್ಲ.

ಸ್ಪಂದನಾ


ನ್ಯೂ ಟೌನ್
12 ನವೆಂಬರ್ 2025

ಸ್ಪಂದನಾ ತಾಯಿ,

ಬೈದಿದ್ದು ಸರಿಯಾಗಿದೆ. ಎರಡು ತಿಂಗಳು ಸುಮ್ಮನಿದ್ದವನು ನಾನು, ಪೆಟ್ಟು ಬಿದ್ದದ್ದು ನಿನಗೆ. ಏಕವಚನ ಬಂತು, ಕ್ಷಮಿಸು. ನನ್ನ ಮಗಳಿದ್ದಿದ್ದರೆ ನಿನ್ನ ವಯಸ್ಸು. ನಿನ್ನ ಕಾಗದವನ್ನು ಶೆಡ್ಡಿನಲ್ಲಿ ಓದಿ ಹೇಳಿದೆ, ಒಂದಕ್ಷರ ಬಿಡದೆ. ಧನಲಕ್ಷ್ಮಿ ನನ್ನ ಜೊತೆ ಒಂದು ದಿನ ಮಾತಾಡಲಿಲ್ಲ.

ಪ್ರಸನ್ನಕುಮಾರ್ ಸಾಹೇಬರಿಗೆ ನಾನೇ ಒಂದು ಕಾಗದ ಹಾಕಿದ್ದೇನೆ. ಅಂಕಣ ಖಾಲಿ ಬಿಟ್ಟವನು ನಾನು, ಅವತ್ತು ಇರದಿದ್ದವನು ನಾನು, ತಿಳಿದೂ ಮುಚ್ಚಿಟ್ಟವನು ನಾನು ಎಂದು ಬರೆದಿದ್ದೇನೆ. ಅದರಿಂದ ಏನಾಗುತ್ತದೋ ಗೊತ್ತಿಲ್ಲ. ಬರೆಯದೆ ಇರಲಾಗಲಿಲ್ಲ.

ಇನ್ನೊಂದು ಮಾತು. ನೀನು ಕೇಳದೆ ಹೋದ ಪ್ರಶ್ನೆ ಈಗಲೂ ಕೇಳಬಹುದು. ಕುರ್ಚಿ ಯಾರು ಕೇಳಿದರೂ ಉತ್ತರ ಕೊಡುತ್ತದೆ. ಪರಮೇಶ್ ಗುರುವಾರ ಶಿವಮೊಗ್ಗಕ್ಕೆ ಟೆಂಪೋದಲ್ಲಿ ಬರುತ್ತಾನೆ. ಬೇಕೆಂದರೆ ಒಂದನ್ನು ನಿನ್ನ ಕಚೇರಿಯಲ್ಲಿ ಇಳಿಸಿ ಬರುತ್ತಾನೆ.

ಗೋವಿಂದಯ್ಯ


ಆಲ್ಕೊಳ
1 ಡಿಸೆಂಬರ್ 2025

ಗೋವಿಂದಯ್ಯನವರೇ,

ಕುರ್ಚಿ ಬಂತು. ಇಳಿಸುವಾಗ ಪರಮೇಶ್ ಹೇಳಿದ ಮಾತು: "ಮೇಡಂ, ನಂಗೆ ನಿಮ್ಮ ಮೇಲೆ ಕೋಪ ಇಲ್ಲ. ನಮ್ಮವರ ಮೇಲೆ ಸ್ವಲ್ಪ ಇದೆ." ಹೇಳಿ, ಬ್ರೇಕ್ ಹಾಕುವುದು ಹೇಗೆಂದು ತೋರಿಸಿ ಹೋದರು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕೂತೆ. ಕಚೇರಿಯಲ್ಲಿ ಎಲ್ಲರೂ ನಕ್ಕರು. ಹತ್ತೂ ಕಾಲಿಗೆ ಅಂಚೆ ಸ್ವೀಕರಿಸುವ ಕಿಟಕಿಗೆ ಹೋದೆ. ಅದರ ಕಟ್ಟೆ ನನ್ನ ಹಣೆಯ ಎತ್ತರಕ್ಕಿತ್ತು. ಈ ಜಿಲ್ಲೆಯ ವಿಕಲಚೇತನರು ಅರ್ಜಿ ಕೊಡುವ ಕಿಟಕಿ ಅದು. ಮೂರು ವರ್ಷದಿಂದ ನಾನು ಅದರ ಒಳಗೆ ನಿಂತಿದ್ದೇನೆ. ಮಧ್ಯಾಹ್ನ ಶೌಚಾಲಯದ ಬಾಗಿಲಲ್ಲಿ ಗಾಲಿ ಸಿಕ್ಕಿಕೊಂಡಿತು. ಬಾಗಿಲು ಕಿರಿದು, ಕುರ್ಚಿಯದು ತಪ್ಪಲ್ಲ. ನಾಲ್ಕಕ್ಕೆ ಜಿಲ್ಲೆಯ ದೊಡ್ಡ ಅಧಿಕಾರಿಯೊಬ್ಬರು ಬಂದರು. ಎಲ್ಲರೂ ಎದ್ದರು. ನಾನು ಏಳಲಿಲ್ಲ. ಎದ್ದಿದ್ದರೆ ನಿಮ್ಮ ಕುರ್ಚಿ ಕೆಡುತ್ತಿತ್ತಲ್ಲ. ಅವರು ಕಾರಣ ಕೇಳಿದರು, ಹೇಳಿದೆ. ಅವರು ಅರ್ಧ ಗಂಟೆ ನಿಂತೇ ಕೇಳಿದರು.

ಸಂಜೆ ಐದಕ್ಕೆ ಎದ್ದಾಗ ಬೆನ್ನು ನೋಯುತ್ತಿರಲಿಲ್ಲ. ಹಿಮ್ಮಡಿ ಮುಟ್ಟಿ ನೋಡಿಕೊಂಡೆ. ಏನೂ ತಾಗಿರಲಿಲ್ಲ.

ಆಸ್ಪತ್ರೆಗಳ ಕುರ್ಚಿಗೆ ಜನವರಿಯಲ್ಲಿ ಬಹಿರಂಗ ಟೆಂಡರ್ ಕರೆಯುತ್ತಾರೆ. ನಾನು ಒಂದು ಟಿಪ್ಪಣಿ ಕಳಿಸಿದ್ದೇನೆ: ಕೊಳ್ಳುವ ಸಮಿತಿಯವರು ದರಪಟ್ಟಿ ತೆರೆಯುವ ಮೊದಲು ಪ್ರತಿ ಮಾದರಿಯಲ್ಲೂ ಅರ್ಧ ದಿನ ಕೂರಬೇಕು. ಒಪ್ಪುತ್ತಾರೋ ಇಲ್ಲವೋ ತಿಳಿಯದು. ನನ್ನ ಗುತ್ತಿಗೆಯ ವಿಷಯವೂ ತಿಳಿಯದು. ನಿಮ್ಮ ಕಾಗದ ಕಡತದಲ್ಲಿ ಸೇರಿದೆ ಎಂದಷ್ಟೇ ಸರ್ ಹೇಳಿದರು.

ಏಕವಚನವೇ ಇರಲಿ.

ಸ್ಪಂದನಾ


ನ್ಯೂ ಟೌನ್
24 ಫೆಬ್ರವರಿ 2026

ಸ್ಪಂದನಾ,

ನಿನ್ನ ಗುತ್ತಿಗೆ ಇನ್ನೊಂದು ವರ್ಷಕ್ಕೆ ಮುಂದುವರಿಯಿತೆಂದು ಪರಮೇಶ್ ನಿನ್ನ ಕಚೇರಿಯಿಂದ ಸುದ್ದಿ ತಂದ. ನೀನು ಬರೆಯಲಿಲ್ಲ. ಇರಲಿ, ನಮ್ಮ ಸುದ್ದಿಯೂ ನಿನಗೆ ಕಚೇರಿಯಲ್ಲೇ ಸಿಕ್ಕಿರುತ್ತದೆ. ಆದರೂ ಕಂಡವನು ಹೇಳಿದರೆ ಅದರ ರುಚಿಯೇ ಬೇರೆ.

ಟೆಂಡರಿಗೆ ನಾಲ್ಕು ಮಾದರಿ ಬಂದಿದ್ದವು. ಮೂರು ದೊಡ್ಡ ಕಂಪನಿಯವು, ಫಳಫಳ ಹೊಳೆಯುತ್ತಿದ್ದವು. ನಮ್ಮದು ಕವನ ಹಚ್ಚಿದ ನೀಲಿ. ನಿನ್ನ ಟಿಪ್ಪಣಿ ಒಪ್ಪಿದ್ದರಿಂದ ಸಮಿತಿಯ ಮೂವರಿಗೂ ಎರಡು ದಿನ ಕೂರುವ ಶಿಕ್ಷೆ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಒಬ್ಬ ಡಾಕ್ಟರು ಒಂದು ಹೊಳೆಯುವ ಕುರ್ಚಿಯಿಂದ ಎದ್ದು ಸೊಂಟ ಹಿಡಿದುಕೊಂಡರು. ಎರಡನೆಯ ದಿನ ನಮ್ಮದರಲ್ಲಿ ಕೂತವರು ಊಟ ಮಾಡಿ ಅಲ್ಲೇ ತೂಕಡಿಸಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಬ್ಬ ಕುಶಲಕರ್ಮಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಡ.

ಆಮೇಲೆ ಧನಲಕ್ಷ್ಮಿಯನ್ನು ಕರೆದು ಕೇಳಿದರು, "ತಿಂಗಳಿಗೆ ಎಷ್ಟು ಕೊಡ್ತೀರಿ?"

"ಮೂವತ್ತು ಸರ್."

"ಅವರು ಮುನ್ನೂರು ಕೊಡ್ತಾರಂತಲ್ಲಮ್ಮ."

"ಕೊಡ್ಲಿ ಸರ್. ಅವರು ಶುಕ್ರವಾರಾನೂ ಕೆಲಸ ಮಾಡ್ತಾರೆ. ನಾವು ಕೂತ್ಕೋತೀವಿ."

ಇನ್ನೂರು ಸಿಗಲಿಲ್ಲ. ಅರವತ್ತು ನಮಗೆ, ಉಳಿದದ್ದು ಇನ್ನೊಬ್ಬರಿಗೆ. ಅರವತ್ತು ಎಂದರೆ ನಮಗೆ ಎರಡು ತಿಂಗಳ ನೆಮ್ಮದಿಯ ಕೆಲಸ. ಎರಡನೆಯ ವರ್ಗದ ಪ್ರಮಾಣಪತ್ರವೂ ಬಂತು. ಉದ್ಯೋಗಿಗಳು ಹನ್ನೊಂದು, ಅವರಲ್ಲಿ ವಿಕಲಚೇತನರು ಇಬ್ಬರು ಎಂದು ಸರಿಯಾಗಿ ಬರೆದಿದ್ದಾರೆ. ಮಲ್ಲಿಕ್ ಅದನ್ನು ಎರಡು ಸಲ ಓದಿಸಿಕೊಂಡ. ಇನ್ನು ಬ್ಯಾಂಕಿನವರು ನಮ್ಮನ್ನು ಬೇರೆ ಬಾಗಿಲಿಗೆ ಕಳಿಸುವಂತಿಲ್ಲ.

ನಿನ್ನೆ ಮೊದಲ ಎಂಟು ಕುರ್ಚಿಗಳನ್ನು ಇಲ್ಲಿನ ಆಸ್ಪತ್ರೆಗೆ ಒಪ್ಪಿಸಲು ನಾನೂ ಧನಲಕ್ಷ್ಮಿಯೂ ಹೋಗಿದ್ದೆವು. ಹೊರರೋಗಿಗಳ ಸಾಲಿನಲ್ಲಿ ಒಬ್ಬ ಮುದುಕ ಗೋಡೆ ಹಿಡಿದು ನಿಂತಿದ್ದ. ನರ್ಸು ಅವನನ್ನು ನಮ್ಮ ಕುರ್ಚಿಯಲ್ಲಿ ಕೂರಿಸಿದಳು. ಅವನು ಗಾಲಿಯನ್ನು ಹಿಂದೆ ಮುಂದೆ ಮಾಡಿ, ಕೈ ಇಡುವ ಪಟ್ಟಿಯನ್ನು ಗುದ್ದಿ, ಸೀಟನ್ನು ಚಿವುಟಿ, ಸಂತೆಯಲ್ಲಿ ಎತ್ತು ನೋಡುವವನ ಹಾಗೆ ಪರೀಕ್ಷೆ ಮಾಡಿದ. ಆಮೇಲೆ ಧನಲಕ್ಷ್ಮಿಯ ಕಡೆ ತಿರುಗಿ ಏನೋ ಕೇಳಿದ. ನಾನು ಅವರಿಬ್ಬರ ತುಟಿಯನ್ನೇ ನೋಡುತ್ತಿದ್ದೆ.

"ಯಾರವ್ವ ಇದನ್ನ ಮಾಡಿದ್ದು?"

"ನಾವೇ ಅಜ್ಜ. ನ್ಯೂ ಟೌನಿನವರು."

"ಆಸ್ಪತ್ರೆಗೆ ಧರ್ಮಕ್ಕೆ ಕೊಟ್ರಾ?"

"ಇಲ್ಲ ಅಜ್ಜ. ಸರ್ಕಾರ ಕೂತು ನೋಡಿ, ದುಡ್ಡು ಕೊಟ್ಟು ತಗೊಂಡಿದೆ."

ಮುದುಕ ಬೆನ್ನನ್ನು ಹಿಂದಕ್ಕೆ ಪೂರ್ತಿ ಆನಿಸಿ ಕೂತ. "ಹಂಗಾದ್ರೆ ಗಟ್ಟಿ ಇರುತ್ತೆ ಬಿಡು" ಅಂದ.

ಗೋವಿಂದಯ್ಯ